ಅಕ್ಕೋರು ಕಾಯುತ್ತಿದ್ದ ಹೊತ್ತು

ಮರಾಠಿ ಸೀಮೆಯ ನಮ್ಮ ಭೋಸರಿ ಕಾರ್ಖಾನೆಗೆ ಹೊಸದಾಗಿ ಸೇರಿದ ಕಲಬುರಗಿಯ ಹುಡುಗಿಗೆ ಕೊಡೋಣವೆಂದು ನನ್ನ ಹಳೆಯ ಹೆಡ್‌ಫೋನ್ ತೆಗೆದೆ. ಕಿವಿಯ ಸ್ಪಂಜು ಪುಡಿಪುಡಿಯಾಗಿ ಬೆರಳಿಗೆ ಅಂಟಿತು. ಆ ಮುಗ್ಗಲು ವಾಸನೆಗೆ ಅಕ್ಕೋರು ನೆನಪಾದರು...

ಇದೇ ಹೆಡ್‌ಫೋನ್ ಹಾಕಿಕೊಂಡು ನಾನು ಕೇಳುತ್ತಿದ್ದ ಗುಣಮಟ್ಟ ತಪಾಸಣೆಯ ಆನ್‌ಲೈನ್ ಕೋರ್ಸಿನಲ್ಲಿ ಅವರು ನಮಗೆ ಕಲಿಸುತ್ತಿದ್ದರು. ಕಾತ್ರಜದ ಅವರ ಮನೆಯಿಂದ ಪಾಠದ ನಡುವೆ ಬಸ್ಸುಗಳ ಹಾರ್ನ್ ಕೇಳುತ್ತಿತ್ತು. ಪಾಠ ಹಿಂದಿಯಲ್ಲಿ, ನನ್ನ ಅಡ್ಡಹೆಸರು ನೋಡಿ ಕನ್ನಡದವಳೆಂದು ಗುರುತು ಹಿಡಿದಿದ್ದರಿಂದ ನನ್ನೊಬ್ಬಳ ಜೊತೆ ಕನ್ನಡ. ಅವರದೊಂದು ಪದ್ಧತಿಯಿತ್ತು. ಸಣ್ಣ ಗುಂಪು ಮಾಡಿ ಚರ್ಚೆಗೆ ಬಿಡುವರು. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡಿದವರೇ ಕೊನೆಗೆ ಎಲ್ಲರ ಪರವಾಗಿ ಉತ್ತರ ಹೇಳಬೇಕು. ಹಾಗಾಗಿ ಎಂಥ ಬಾಯಿಬಡುಕರೂ ಸುಮ್ಮನಿದ್ದವರನ್ನು ಮಾತಾಡಿಸಲೇಬೇಕಿತ್ತು.

ನಮ್ಮ ಗುಂಪಿನಲ್ಲಿ ಆ ಪಾಳಿ ಬಹುತೇಕ ನನ್ನದೇ. ಮೊದಲ ಸಲ ಮೈಕ್ ಹಚ್ಚಿದೆ, ಮತ್ತೆ ಆರಿಸಿದೆ. "ಹೇಳವ್ವಾ, ಗಡಿಬಿಡಿ ಇಲ್ಲ. ನಾ ಕಾಯ್ತೀನಿ" ಎಂದರು. ನಿಜಕ್ಕೂ ಕಾದರು. ಹರಕು ಹಿಂದಿಯಲ್ಲಿ ನಾನು ಹೇಳಿದ ಉತ್ತರ ತಪ್ಪೇ ಆಗಿತ್ತು. ಆದರೂ "ಶಾಭಾಷ್!" ಎಂದು, ಅದರ ಮೇಲೆಯೇ ಇಡೀ ತರಗತಿಯನ್ನು ವಾದಕ್ಕೆ ಹಚ್ಚಿದರು. ಆ ವಾದದಲ್ಲಿ ಕಲಿತದ್ದು ಇಂದಿಗೂ ನನ್ನ ಅನ್ನ.

ಕೋರ್ಸ್ ನಡೆಸುವ ಕಂಪನಿಗೆ ಇದು ಸೇರಲಿಲ್ಲ. ಒಂದು ದಿನ ನಾನು ಮಾತಿಗೆ ತಡಕಾಡುತ್ತಿದ್ದಾಗಲೇ ಕಂಪನಿಯ ಬೆಂಗಳೂರಿನ ಮ್ಯಾನೇಜರ್ ಲೈವ್ ತರಗತಿಗೇ ಬಂದು ನಡುವೆ ಬಾಯಿ ಹಾಕಿದ. "ಮೇಡಂ, ಇಷ್ಟೊಂದು ಸೈಲೆನ್ಸ್ ಇದ್ರೆ ಯಾರು ನೋಡ್ತಾರೆ? ಇನ್ಮೇಲೆ ಲೈವ್ ಬೇಡ. ಈ ಕ್ಲಾಸ್‌ಗಳ ರೆಕಾರ್ಡಿಂಗನ್ನೇ ಎಡಿಟ್ ಮಾಡಿ ಹಾಕ್ತೀವಿ."

"ಆಕಿ ಸುಮ್ನ ಕುಂತಿಲ್ರೀ, ವಿಚಾರ ಮಾಡಾಕತ್ತಾಳ" ಎಂದರು ಅಕ್ಕೋರು.

ಅವನಿಗೆಲ್ಲಿ ತಿಳಿಯಬೇಕು! ಮುಂದಿನ ತಂಡಕ್ಕೆ ಗುಂಪೂ ಇಲ್ಲ, ಚರ್ಚೆಯೂ ಇಲ್ಲ; ಅಕ್ಕೋರ ಕೆಲಸವೂ ಹೋಯಿತು. ಕಂಪನಿಯವರು ಅವರ ಮುಖ, ದನಿ ಮಾತ್ರ ಇಟ್ಟುಕೊಂಡರು. ಹೋದ ಮಳೆಗಾಲದಲ್ಲಿ ಅವರು ತೀರಿಕೊಂಡರು... ಕೋರ್ಸ್ ಮಾತ್ರ ಮಾರಾಟವಾಗುತ್ತಲೇ ಇದೆ. ನಾಚಿಕೆಯಾದರೂ ಬೇಡವೇ?

ಹೊಸ ಹುಡುಗಿ ನೋಡಬೇಕಾದದ್ದೂ ಅದನ್ನೇ. ಪಕ್ಕದಲ್ಲಿ ಕೂತೆ. ಪರದೆಯ ಮೇಲೆ ಅಕ್ಕೋರು ಪ್ರಶ್ನೆ ಕೇಳಿದರು; ಮರುಕ್ಷಣವೇ "ಶಾಭಾಷ್!" ಎಂದರು. ಅವರು ನನಗಾಗಿ ಕಾದ ಹೊತ್ತನ್ನೂ ನನ್ನ ಉತ್ತರವನ್ನೂ ಕಂಪನಿಯವರು ಕತ್ತರಿಸಿ ಎಸೆದಿದ್ದರು. ಹುಡುಗಿ ಇನ್ನೂ ಬಾಯಿಯೇ ತೆರೆದಿರಲಿಲ್ಲ.

ಸಿಟ್ಟು ನೆತ್ತಿಗೇರಿತು. ವಿಡಿಯೋ ಹಿಂದಕ್ಕೆ ಎಳೆದು, ಪ್ರಶ್ನೆ ಮುಗಿದಲ್ಲಿ ನಿಲ್ಲಿಸಿದೆ.

"ನಿಲ್ಲಸಬ್ಯಾಡ್ರಿ ಅಕ್ಕಾ, ಪೂರಾ ನೋಡಿದ್ರಷ್ಟ ಸರ್ಟಿಫಿಕೇಟ್ ಕೊಡ್ತಾರ."

"ಅದು ಆಮ್ಯಾಲ. ಅಕ್ಕೋರು ಕೇಳ್ಯಾರ, ಹೇಳವ್ವಾ. ಗಡಿಬಿಡಿ ಇಲ್ಲ."

ಹುಡುಗಿ ತಲೆ ತಗ್ಗಿಸಿ ಯೋಚಿಸತೊಡಗಿದಳು. ಪರದೆಯ ಮೇಲೆ ಅಕ್ಕೋರು ಅವಳನ್ನೇ ನೋಡುತ್ತಿದ್ದರು. ಈ ಸಲ ಅವರು ಕಾಯುವುದನ್ನು ಕತ್ತರಿಸಲು ನಾನು ಯಾರಿಗೂ ಬಿಡಲಿಲ್ಲ.