ಇಳಿದವನ ಹೆಸರು

ಆ ಬಾವಿಗೆ ಇಳಿದವನು ನಾನಲ್ಲ.

ಇಷ್ಟನ್ನು ಬರೆಯುವುದಕ್ಕೆ ನನಗೆ ಹನ್ನೊಂದು ವರ್ಷ ಬೇಕಾಯಿತು. ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ — ಕ್ರಿಸ್ಮಸ್ ಹತ್ತಿರ ಬಂದಾಗ ನನ್ನನ್ನು ಕರೆದು ಪ್ರಸಂಗ ಮಾಡಿಸಿದ ಚರ್ಚಿನ ಸಭೆಗಳಲ್ಲೆಲ್ಲ ನಾನೇ ಇಳಿದೆ ಎಂದು ಹೇಳಿದ್ದೇನೆ. ಕೇಳಿದವರು ಕಣ್ಣೊರೆಸಿಕೊಂಡಿದ್ದಾರೆ. ಆರಾಧನೆ ಮುಗಿದ ಮೇಲೆ ಕೆಲವರು ಬಂದು ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಾರೆ. ಆ ಕೈಗೆ ಒಂದು ತರಚು ಗಾಯ ಕೂಡ ಆಗಿರಲಿಲ್ಲ. ಇಳಿದವನು ಚಿತ್ತಯ್ಯ, ಕುರಿ ಕಾಯುವವನು. ಇವತ್ತಿಗೂ ಬಲಗಾಲು ಎಳೆದುಕೊಂಡು ನಡೆಯುತ್ತಾನೆ.

ನಾನು ಚಿಕ್ಕಜಾಜೂರಿನವನು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಅವರಂಥ ಹತ್ತಾರು ಮನೆಯವರು ಸೇರಿ ಕಟ್ಟಿಕೊಂಡ ಚಿಕ್ಕ ಚರ್ಚು ನಮ್ಮದು. ನಾನು ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಮೇಷ್ಟ್ರಾಗಿದ್ದೆ; ಪಾದ್ರಿ ಅಯ್ಯನವರು ಬರಲಾಗದ ಭಾನುವಾರಗಳಲ್ಲಿ ಪ್ರಸಂಗವನ್ನೂ ಮಾಡುತ್ತಿದ್ದೆ. ನನಗೆ ಮಾತು ಚೆನ್ನಾಗಿ ಬರುತ್ತಿತ್ತು. ಅದರಿಂದಲೇ ಕೆಟ್ಟೆ ಎನ್ನಬಹುದೇನೋ — ಇಲ್ಲ, ಮಾತಿನ ಮೇಲೆ ತಪ್ಪು ಹೊರಿಸಿ ನಾನು ಪಾರಾಗಬಾರದು.

ಶಾಲೆಯಲ್ಲಿ ನನ್ನ ಜೊತೆಗಿದ್ದ ಒಬ್ಬ ಮೇಷ್ಟ್ರು ಒಮ್ಮೆ ಊಟದ ಹೊತ್ತಿನಲ್ಲಿ ಕೇಳಿದರು. ಕುಹಕದಿಂದಲ್ಲ, ತಿಳಿಯಬೇಕೆಂದೇ ಕೇಳಿದರು. "ನಿಮ್ಮ ದೇವ್ರು ಎಲ್ಲಾ ಬಲ್ಲೋನು ಅಂತೀರಿ. ಮೇಲೆ ಕುಂತೇ, ಹೋಗ್ಲಿ ಕ್ಷಮಿಸಿದೀನಿ ಅಂದಿದ್ರೆ ಮುಗೀತಿತ್ತಲ್ರಿ. ಮನುಷ್ಯನಾಗಿ ಹುಟ್ಟಿ ಅಷ್ಟು ಒದ್ದಾಡೋದು ಯಾಕ್ ಬೇಕಿತ್ತು?"

ನಾನು ಕಲಿತದ್ದನ್ನು ಹೇಳಿದೆ. ಪಾಪ, ನ್ಯಾಯ, ಬಿಡುಗಡೆ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದು ನನಗೇ ತಟ್ಟಿರಲಿಲ್ಲ. ಅವರಿಗೆ ಹೇಗೆ ತಟ್ಟೀತು. ಅವರು ತಲೆಯಾಡಿಸಿ ಡಬ್ಬಿ ತೊಳೆಯಲು ಎದ್ದರು.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಒಬ್ಬ ಹೆಂಗಸು ನಮ್ಮ ಸ್ಟೇಷನ್ನಿನಲ್ಲಿ ಇಳಿದಳು. ಯಾವ ರೈಲಿನಿಂದ ಇಳಿದಳೋ, ಯಾವ ಊರಿನವಳೋ ಯಾರಿಗೂ ಗೊತ್ತಿರಲಿಲ್ಲ. ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ತನ್ನಷ್ಟಕ್ಕೆ ತಾನು ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಿದ್ದಳು. ಯಾರಾದರೂ ಹತ್ತಿರ ಹೋದರೆ ಕಲ್ಲೆತ್ತುತ್ತಿದ್ದಳು, ಯಾಕೆಂದರೆ ಅವಳಿಗೂ ಕಲ್ಲು ಬಿದ್ದಿದ್ದವು. ನಾಲ್ಕನೆಯ ದಿನ ಬೆಳಿಗ್ಗೆ ನಮ್ಮ ಶಾಲೆಯ ಹಿಂದಿನ ಹೊಲದ ಹಾಳುಬಾವಿಯಿಂದ ಅಳುವ ದನಿ ಕೇಳಿಸಿತು.

ಓಡಿ ಹೋದೆವು. ನೀರಿಲ್ಲದ ಬಾವಿ, ತಳದಲ್ಲಿ ಕೆಸರು ಮತ್ತು ಮುಳ್ಳುಕಂಟಿ. ಅವಳು ಒಂದು ಮೂಲೆಗೆ ಒತ್ತಿಕೊಂಡು ಕೂತಿದ್ದಳು. ಜನ ಸೇರಿತು. ಹಗ್ಗ ತಂದು ಬಿಟ್ಟರು. ಹಗ್ಗದ ತುದಿ ತನ್ನ ಹತ್ತಿರ ಬರುತ್ತಿದ್ದಂತೆ ಅವಳು ಎರಡೂ ತೋಳುಗಳಿಂದ ತಲೆ ಮುಚ್ಚಿಕೊಂಡಳು — ಮತ್ತೆ ಏನನ್ನೋ ಎಸೆಯುತ್ತಿದ್ದಾರೆ ಎಂದು. ಮಂಕರಿ ಇಳಿಸಿದರು. ಬಿಸ್ಕತ್ತಿನ ಪೊಟ್ಟಣ ಹಾಕಿದರು. "ಹಗ್ಗ ಹಿಡ್ಕಳಮ್ಮ, ಎಳ್ಕಂತೀವಿ" ಎಂದು ಒಬ್ಬೊಬ್ಬರೂ ಕೂಗಿದರು. ನಾನೂ ಕೂಗಿದೆ, ಪ್ರಸಂಗ ಮಾಡುವಾಗಿನ ನನ್ನ ಮೃದುವಾದ ದನಿಯಲ್ಲಿ. ಅವಳು ಇನ್ನಷ್ಟು ಮುದುರಿಕೊಂಡಳು.

"ಯಾರಾದ್ರೂ ಇಳಿಬೇಕು ಕಣ್ರಿ" ಎಂದು ಯಾರೋ ಅಂದರು. ಬಾವಿಯ ಗೋಡೆಯ ಕಲ್ಲುಗಳು ಅರ್ಧಕ್ಕರ್ಧ ಸಡಿಲವಾಗಿದ್ದವು. ನಾನು ಅವನ್ನು ನೋಡಿದೆ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದೆ — ಹಿಂದಿದ್ದವರಿಗೆ ನೋಡಲು ಜಾಗ ಬಿಡುವವನ ಹಾಗೆ.

ಆಗ ಚಿತ್ತಯ್ಯ ಬಂದ. ಅವನ ಮಗಳು ನಮ್ಮ ಶಾಲೆಯಲ್ಲೇ ಓದಿದವಳು, ಹಾಗಾಗಿ ಪರಿಚಯ. ಕುರಿಗಳನ್ನು ಹೆಂಡತಿ ಈರಮ್ಮನ ವಶಕ್ಕೆ ಬಿಟ್ಟು ಬಂದಿದ್ದ. ಒಮ್ಮೆ ಬಗ್ಗಿ ನೋಡಿದ. ಚಪ್ಪಲಿ ಬಿಟ್ಟು, ಹಗ್ಗದ ಒಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದು, "ಮೇಷ್ಟ್ರೇ, ಇದನ್ನ ಹಿಡ್ಕಳ್ರಿ" ಎಂದು ತನ್ನ ಕೋಲನ್ನು ನನ್ನ ಕೈಗೆ ಕೊಟ್ಟ. ಆವತ್ತು ನಾನು ಮಾಡಿದ್ದು ಅಷ್ಟೇ. ಅವನ ಕೋಲು ಹಿಡಿದುಕೊಂಡು ನಿಂತಿದ್ದು.

ಇಳಿದವನು ಅವಳ ಹತ್ತಿರ ಹೋಗಲಿಲ್ಲ. ಎದುರಿನ ಮೂಲೆಯಲ್ಲಿ ಕೆಸರಿನಲ್ಲೇ ಕೂತುಬಿಟ್ಟ. "ಏನ್ಲೇ ಮಾಡ್ತಿದೀಯ, ಕಟ್ಟಲೇ ಹಗ್ಗನ" ಎಂದು ಮೇಲಿನಿಂದ ಕೂಗಿದರು. ಅವನು ತಲೆಯೆತ್ತದೆ ಸುಮ್ಮನಿರಿ ಎಂಬಂತೆ ಕೈ ಮಾಡಿದ. ಕಾಲು ಗಂಟೆ ಹಾಗೇ ಹೋಯಿತು. ಅವಳು ಏನೋ ಅಂದಳು. ಅವನೂ ಏನೋ ಅಂದ. ನಮಗೆ ಕೇಳಿಸಲಿಲ್ಲ. ಆಮೇಲೆ ಅವಳೇ ಸರಿದು ಬಂದು ಅವನಿಗೆ ಕೈ ಕೊಟ್ಟಳು.

ಅವನು ಅವಳ ಸೊಂಟಕ್ಕೆ ಹಗ್ಗ ಕಟ್ಟಿದ, ಜನ ಅವಳನ್ನು ಮೇಲಕ್ಕೆಳೆದುಕೊಂಡರು. ಎಲ್ಲರೂ ಅವಳನ್ನು ಸುತ್ತುವರಿದೆವು. ಒಬ್ಬರು ನೀರು ಕೊಟ್ಟರು, ಒಬ್ಬರು ಸೀರೆ ಹೊದಿಸಿದರು, ನಾನು ಪೊಲೀಸರಿಗೆ ಫೋನ್ ಮಾಡುತ್ತಿದ್ದೆ. ಹಗ್ಗ ಅವಳ ಸೊಂಟದಲ್ಲೇ ಇತ್ತು. ಕೆಳಗೊಬ್ಬ ಇದ್ದಾನೆ ಎಂಬುದು ಯಾರ ನೆನಪಿಗೂ ಬರಲಿಲ್ಲ. ಅವನು ತಾನೇ ಕಲ್ಲು ಹಿಡಿದು ಹತ್ತಲು ನೋಡಿದ. ಮುಕ್ಕಾಲು ಎತ್ತರದಲ್ಲಿ ಕಲ್ಲೊಂದು ಕಿತ್ತು ಬಂತು.

ಸೊಂಟದ ಮೂಳೆ ಮುರಿದಿತ್ತು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದ. ಕಾಲು ಮೊದಲಿನಂತಾಗಲಿಲ್ಲ, ಕುರಿಗಳ ಹಿಂದೆ ಹೋಗಲಾಗದೆ ಎಲ್ಲವನ್ನೂ ಮಾರಿದ. ಆ ಹೆಂಗಸನ್ನು ಗುಂತಕಲ್ ಕಡೆಯಿಂದ ಅವಳ ಅಣ್ಣ ಬಂದು ಕರೆದುಕೊಂಡು ಹೋದ. ನಾನು ಆಸ್ಪತ್ರೆಗೆ ಒಂದೇ ಒಂದು ಸಲ ಹೋಗಿದ್ದೆ.

ಆ ಡಿಸೆಂಬರಿನಲ್ಲಿ ಚಿತ್ರದುರ್ಗದ ಒಂದು ಸಭೆಯವರು ನನ್ನನ್ನು ಪ್ರಸಂಗಕ್ಕೆ ಕರೆದರು. ದೇವರು ಯಾಕೆ ಮನುಷ್ಯನಾದ ಎಂಬುದೇ ವಿಷಯ. ಎಷ್ಟೋ ಕಾಲ ದೇವರು ಮೇಲಿನಿಂದ ಕೂಗಿದ, ಆಜ್ಞೆಗಳನ್ನು ಕೊಟ್ಟ, ಪ್ರವಾದಿಗಳನ್ನು ಕಳಿಸಿದ. ನಾವೋ, ಹೆದರಿ ತಲೆ ಮುಚ್ಚಿಕೊಂಡೆವು. ಕೊನೆಗೆ ಅವನೇ ಇಳಿದು ಬಂದು ನಮ್ಮ ಕೆಸರಿನಲ್ಲಿ ಕೂತ ಎಂದೆ. ಬಾವಿಯ ಕತೆ ಹೇಳಿದೆ. ಮೊದಲ ಸಲ ನಾನು ನೇರವಾಗಿ ಸುಳ್ಳು ಹೇಳಲಿಲ್ಲ. "ಇಳಿದು, ಅವಳ ಎದುರು ಕೂತು, ಧೈರ್ಯ ತುಂಬಿ, ಕೊನೆಗೆ ಮೇಲೆ ತಂದದ್ದಾಯಿತು" ಎಂದೆ. ಯಾರು ಇಳಿದದ್ದು, ಯಾರು ತಂದದ್ದು — ಆ ಒಂದು ಮಾತನ್ನು ಬಾಯಲ್ಲೇ ಉಳಿಸಿಕೊಂಡೆ. ಕೇಳುವವರು ತಾವೇ ತುಂಬಿಕೊಳ್ಳುತ್ತಾರೆಂದು ಗೊತ್ತಿರಲಿಲ್ಲವೇ? ಗೊತ್ತಿತ್ತು.

ಪ್ರಸಂಗ ಮುಗಿದ ಮೇಲೆ ವಯಸ್ಸಾದ ತಾಯಿಯೊಬ್ಬರು ಬಂದರು. "ನೀವೇ ಇಳಿದ್ರಾ ಮೇಷ್ಟ್ರೇ? ನಿಮಗೇನೂ ಆಗ್ಲಿಲ್ವಾ?"

"ದೇವರ ದಯೆ, ಏನೂ ಆಗಲಿಲ್ಲ" ಎಂದೆ.

ಆ ಹೊತ್ತಿಗೆ ಚಿತ್ತಯ್ಯ ಮನೆಯ ಜಗಲಿಯ ಮೇಲೆ ಗೋಡೆ ಹಿಡಿದು ನಿಲ್ಲುವುದನ್ನು ಕಲಿಯುತ್ತಿದ್ದ.

ಮುಂದಿನ ವರ್ಷಗಳಲ್ಲಿ ಬೇರೆ ಊರುಗಳಿಂದ ಕರೆ ಬಂತು, ಆ ಬಾವಿಯ ಪ್ರಸಂಗವನ್ನೇ ಮಾಡಿ ಎಂದು. ಎರಡನೆಯ ವರ್ಷಕ್ಕೆ "ನಾನು ಇಳಿದೆ" ಎಂಬುದು ನಾಲಿಗೆ ತಡವರಿಸದೆ ಬರುತ್ತಿತ್ತು. ಬಾವಿಯ ತಳದ ವಾಸನೆಯನ್ನು ಕೂಡ ವರ್ಣಿಸುತ್ತಿದ್ದೆ. ಆ ಹೆಂಗಸು ನನ್ನ ಮುಖ ನೋಡಿ "ದೇವರ ಹಾಗೆ ಬಂದೆಯಪ್ಪಾ" ಎಂದಳು ಎಂದು ಸೇರಿಸಿದೆ. ಚಿಕ್ಕಜಾಜೂರಿನ ನಮ್ಮ ಚರ್ಚಿನಲ್ಲಿ ಮಾತ್ರ ಆ ಕತೆಯನ್ನು ಎಂದೂ ಹೇಳಲಿಲ್ಲ. ಅಲ್ಲಿನವರಿಗೆ ನಡೆದದ್ದು ಗೊತ್ತಿತ್ತು.

ಇನ್ನೊಂದು ಇದೆ. ಇದು ಇನ್ನೂ ಕೀಳು. ಚಿತ್ತಯ್ಯನನ್ನು ತಾಲ್ಲೂಕಿನ ಗಣರಾಜ್ಯೋತ್ಸವದಲ್ಲಿ ಸನ್ಮಾನಿಸಲಿ ಎಂದು ನಮ್ಮ ಹೆಡ್‌ಮೇಷ್ಟ್ರಿಗೆ ಆಸೆ. "ನೀವು ಕಣ್ಣಾರೆ ಕಂಡೋರು, ಅರ್ಜಿ ನೀವೇ ಬರೀರಿ" ಎಂದರು. ಬರೆದೆ. ಚೆನ್ನಾಗಿಯೇ ಬರೆದೆ. ಆಮೇಲೆ ಯೋಚನೆ ಬಂತು: ಪೇಪರಿನಲ್ಲಿ ಬಂದರೆ, ಚಿತ್ರದುರ್ಗದವರು ಓದಿದರೆ... ಅರ್ಜಿ ನನ್ನ ಬೀರುವಿನಲ್ಲೇ ಉಳಿಯಿತು. ಹೆಡ್‌ಮೇಷ್ಟ್ರು ಕೇಳಿದಾಗ "ಕೊಟ್ಟಿದೀನಿ ಸಾರ್, ಏನೂ ಉತ್ತರ ಬಂದಿಲ್ಲ" ಎಂದೆ. ಅವರು ಕಚೇರಿಯವರನ್ನು ಬೈದುಕೊಂಡರು. ನಾನೂ ಜೊತೆಗೆ ಬೈದೆ.

ಹೋದ ವರ್ಷಕ್ಕೆ ಹಿಂದಿನ ಡಿಸೆಂಬರು. ಹೊಸದುರ್ಗ. ಜನ ಹೆಚ್ಚೆಂದು ಚರ್ಚಿನ ಅಂಗಳದಲ್ಲಿ ಶಾಮಿಯಾನ ಹಾಕಿ ಮೈಕು ಕಟ್ಟಿದ್ದರು. ಬೆಳಗಿನ ಹನ್ನೊಂದರ ಬಿಸಿಲು. ಬಾವಿಯ ಕತೆಗೆ ಬಂದಿದ್ದೆ. ಹೆಂಗಸು ತಲೆ ಮುಚ್ಚಿಕೊಂಡಳು ಎನ್ನುವಷ್ಟರಲ್ಲಿ ಗೇಟಿನ ಪಕ್ಕದ ಕೊನೆಯ ಕುರ್ಚಿಯಲ್ಲಿ ಚಿತ್ತಯ್ಯ ಕಂಡ. ಪಕ್ಕದಲ್ಲಿ ಈರಮ್ಮ.

ಆಗ ನಿಲ್ಲಿಸಬಹುದಿತ್ತು. "ಇಳಿದವನು ಇಗೋ ಅಲ್ಲಿ ಕೂತಿದ್ದಾನೆ" ಎಂದಿದ್ದರೆ — ಒಂದೇ ವಾಕ್ಯ. ಇನ್ನೂರು ಜನ ತಿರುಗಿ ಅವನನ್ನು ನೋಡುತ್ತಿದ್ದರು. ಹಳೆಯ ಸುಳ್ಳನ್ನೆಲ್ಲ ಆ ಕ್ಷಣ ಅರ್ಧವಾದರೂ ತೊಳೆಯುತ್ತಿತ್ತೋ ಏನೋ. ನಾನು ಅವನ ಮುಖ ನೋಡಿಕೊಂಡೇ ಹೇಳಿದೆ: "ಆಗ ನಾನು ಚಪ್ಪಲಿ ಬಿಟ್ಟು ಇಳಿದೆ."

ಮುಗಿದ ಮೇಲೆ ಅಂಗಳದ ಹಿಂದಿನ ಗೇಟಿನಿಂದ ಹೋಗಲು ನೋಡಿದೆ. ಅವನೇ ಕಾಲೆಳೆದುಕೊಂಡು ಬಂದ.

"ಮಗಳ ಮನೆಗೆ ಬಂದಿದ್ವಿ ಮೇಷ್ಟ್ರೇ. ಇದೇ ಬೀದಿ. ಮೈಕಲ್ಲಿ ನಿಮ್ಮ ದನಿ ಕೇಳ್ತು. ನಮ್ಮೂರ ಮೇಷ್ಟ್ರು ಅಂತ ಬಂದು ಕುಂತ್ಕಂಡ್ವಿ."

ನಾನು ನೆಲ ನೋಡುತ್ತಿದ್ದೆ. ಅವನು ಬೈಯಲಿಲ್ಲ. "ಆಯಮ್ಮ ಅಂಗೆ ಅನ್ಲಿಲ್ಲ" ಎಂದ.

"ಏನಂದ್ಲು?"

"ನುವ್ವು ಕೂಡಾ ಪಡ್ಡಾವಾ, ಅಂದ್ಲು. ನೀನೂ ಬಿದ್ಯಾ ಅಂತ. ಕುರಿ ಹೊಡ್ಕಂಡು ಆ ಸೀಮೆ ತಿರುಗಿದ್ದಕ್ಕೆ ನಂಗೆ ಅಷ್ಟು ತೆಲುಗು ಬರ್ತೈತೆ. ನಾನು ಹೂಂ, ಬಿದ್ದೆ ಅಂದೆ. ಇಳಿದು ಬಂದೆ ಅಂದಿದ್ರೆ, ಇವ್ನೂ ಮೇಲಿನೋರ ಪೈಕಿ ಅಂತ ಹೆದರ್ತಿದ್ಲು. ಬಿದ್ದೆ ಅಂದಿದ್ಕೆ, ಪಾಪ, ಪೆಟ್ಟಾಯ್ತಾ ಅಂತ ನನ್ನ ಮಂಡಿ ಮುಟ್ಟಿ ನೋಡಿದ್ಲು. ಆಮ್ಯಾಕೆ ಕೈ ಕೊಟ್ಲು."

ನಮ್ಮ ಬೈಬಲಿನ ಒಂದು ಪುಟವನ್ನೂ ಓದದವನು ಅವನು. ಮೇಲಿನವನು ಯಾಕೆ ಕೆಳಗೆ ಬಂದು ನಮ್ಮಂತೆ ಹುಟ್ಟಿ, ಪಾಪಿಗಳ ಜೊತೆ ಪಾಪಿಯೆಂದು ಎಣಿಸಿಕೊಂಡು, ನೋವುಂಡು ಸತ್ತ ಎಂದು ನಾನು ಇಪ್ಪತ್ತು ವರ್ಷ ಬಾಯಿಪಾಠ ಒಪ್ಪಿಸಿದ್ದೆ. ಅದು ನನ್ನೊಳಗೆ ಇಳಿದದ್ದು ಆ ಗೇಟಿನ ಹತ್ತಿರ. ಬೀಳದಿದ್ದವನು ಬಿದ್ದವನೆನಿಸಿಕೊಳ್ಳಲು ಒಪ್ಪಿದ್ದ. ನಾನು ಇಳಿಯದೆಯೇ ಇಳಿದವನೆನಿಸಿಕೊಂಡಿದ್ದೆ.

ಈರಮ್ಮ ಹತ್ತಿರ ಬಂದಳು. "ಕಾಲು ಇವರ್ದು, ಮಾತು ನಿಮ್ದು. ಅಲ್ವಾ ಮೇಷ್ಟ್ರೇ?" ಎಂದಳು. ಗಂಡನ ತೋಳು ಹಿಡಿದು, "ನಡೀರಿ, ಹೋಗಾಣ" ಎಂದು ಕರೆದುಕೊಂಡು ಹೋದಳು.

ಆಮೇಲಿನ ಒಂದು ವರ್ಷ ಗಂಟಲು ಸರಿಯಿಲ್ಲವೆಂದು ಹೇಳಿ ಎಲ್ಲಿಗೂ ಹೋಗಲಿಲ್ಲ. ಅದೂ ಸುಳ್ಳೇ. ಈ ಸಲ ಹೊಸದುರ್ಗದ ಅಯ್ಯನವರಿಗೆ ಎಲ್ಲವನ್ನೂ ಹೇಳಿ, ಸಭೆಯ ಮುಂದೆ ಹತ್ತು ನಿಮಿಷ ಕೊಡಿ ಎಂದು ಕೇಳಿದೆ. ಅವರು ಒಳ್ಳೆಯವರು. "ಯಾರು ಇಳಿದರೇನು, ಸಂದೇಶ ಸರಿ ಇದೆಯಲ್ಲ. ಈಗ ಹೇಳಿದರೆ ಜನರ ನಂಬಿಕೆಗೇ ಪೆಟ್ಟು" ಎಂದರು. ಆ ಮಾತನ್ನು ಹಿಡಿದುಕೊಂಡು ವಾಪಸು ಬರಬಹುದಿತ್ತು. ಒಂದು ಕ್ಷಣ ಮನಸ್ಸು ಹಗುರವೂ ಆಯಿತು. ಆದರೆ ಯಾರು ಇಳಿದರು ಎಂಬುದರ ಮೇಲೆಯೇ ತಾನೆ ನಮ್ಮ ನಂಬಿಕೆಯೆಲ್ಲ ನಿಂತಿರುವುದು. ಬೇರೆಯವನನ್ನು ಕಳಿಸದೆ ದೇವರು ತಾನೇ ಬಂದ ಎಂದಲ್ಲವೇ ನಾವು ಹಾಡುವುದು. ಹಾಗೆಂದು ಮತ್ತೆ ಕೇಳಿದೆ; ಅಯ್ಯನವರು ಸಭೆಯ ಮುಂದೆ ಹತ್ತು ನಿಮಿಷ ಕೊಟ್ಟರು.

ಹೇಳಿದೆ. ಚಿತ್ತಯ್ಯನ ಹೆಸರು, ಊರು, ಮುರಿದ ಸೊಂಟ, ಕಳಿಸದ ಅರ್ಜಿ. ಯಾರೂ ಅಳಲಿಲ್ಲ. ಒಬ್ಬಳು ನಡುವೆಯೇ ಎದ್ದು ಹೋದಳು. ಹೊರಗೆ ಬರುವಾಗ ಯಾರೂ ನನ್ನ ಕೈ ಹಿಡಿಯಲಿಲ್ಲ.

ಮರುದಿನ ಚಿತ್ತಯ್ಯನ ಮನೆಗೆ ಹೋದೆ. "ಬರ್ರಿ, ಕುಂತ್ಕಳ್ರಿ" ಎಂದ. ಹೊಸದುರ್ಗದಲ್ಲಿ ಹೇಳಿದ್ದನ್ನೆಲ್ಲ ನಿಂತೇ ಹೇಳಿದೆ. ಕ್ಷಮಿಸು ಎಂಬ ಮಾತು ಬಾಯಿಗೆ ಬಂತು, ಆಡಲಿಲ್ಲ. ಆಡಿದ್ದರೆ ಅವನು ಕ್ಷಮೆಯನ್ನು ತಕ್ಷಣ ಕೊಟ್ಟುಬಿಡುತ್ತಿದ್ದ.

"ಆಗಿದ್ದು ಆಗೋಯ್ತು, ಬಿಡ್ರಿ" ಎಂದ ಚಿತ್ತಯ್ಯ.

ಈರಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತದೆ ಕೇಳಿದಳು: "ಹೊಸದುರ್ಗದಾಗೆ ಹೇಳಿದ್ರಿ. ಉಳಿದ ಊರುಗಳಾಗೆ ಯಾರು ಹೇಳ್ತಾರೆ?"

ನಾನೇ ಹೇಳಬೇಕು. ಬರುವ ಭಾನುವಾರ ಹಿರಿಯೂರು. ಅಲ್ಲಿ ಒಂದು ಮನೆಯಿದೆ. ಏಳು ವರ್ಷದ ಹಿಂದೆ ನನ್ನ ಪ್ರಸಂಗ ಕೇಳಿದ ಗಂಡ ಹೆಂಡತಿ, ಹುಟ್ಟಿದ ಮಗುವಿಗೆ ನನ್ನ ಹೆಸರಿಟ್ಟರು. ಪ್ರತಿ ಹುಟ್ಟುಹಬ್ಬಕ್ಕೂ ಫೋನ್ ಮಾಡಿ ಮಗುವಿನ ಕೈಗೆ ಕೊಡುತ್ತಾರೆ, ಆಶೀರ್ವಾದ ಮಾಡಿ ಎಂದು. ಮಾಡಿದ್ದೇನೆ, ಏಳು ಸಲವೂ.

ಸಭೆಗೆ ಹೋಗುವ ಮೊದಲು ಆ ಮನೆಗೆ ಹೋಗಬೇಕು.