ಕ್ಲಚ್ಚಿಗೆ ಹಾಕಿದ ಕೀಲೆಣ್ಣೆ

ನಮ್ಮಪ್ಪನಿಗೆ ಎಲ್ಲದಕ್ಕೂ ಹರಳೆಣ್ಣೆಯೇ ಮದ್ದು. ಮಕ್ಕಳಿಗೆ ಹೊಟ್ಟೆನೋವು ಬಂದರೆ ಹರಳೆಣ್ಣೆ, ಕಣ್ಣು ಉರಿದರೆ ನೆತ್ತಿಗೆ ಹರಳೆಣ್ಣೆ. ಎತ್ತಿನ ಗಾಡಿ ಕಿರುಗುಟ್ಟಿದರೆ ಅದರ ಅಚ್ಚಿಗೂ ಅದೇ; ಆಗ ಮಾತ್ರ ಅದಕ್ಕೆ ಕೀಲೆಣ್ಣೆ ಅಂತ ಹೆಸರು. ಪುಟ್ಟೇನಹಳ್ಳಿ ಪಕ್ಕದ ನಮ್ಮ ರಾಗಿ ಹೊಲವನ್ನು ಬಡಾವಣೆಗೆ ತೆಗೆದುಕೊಂಡ ಮೇಲೆ ಗಾಡಿಯೂ ಹೋಯಿತು, ಎತ್ತೂ ಹೋದವು. ಪರಿಹಾರದ ದುಡ್ಡಲ್ಲಿ ಅಪ್ಪ ಒಂದು ಹಳೇ ಕಾರು ಕೊಂಡು, ಓಡಿಸುವುದನ್ನು ಕಲಿತು, ಮದುವೆಗಳಿಗೆ ಬಾಡಿಗೆಗೆ ಹೋಗತೊಡಗಿದ. ಮನೆ ನಡೆಯುತ್ತಿದ್ದದ್ದು ಅದೊಂದರಿಂದಲೇ.

ಅಪ್ಪನಿಗೆ ಎಡಗಾಲನ್ನು ಸದಾ ಕ್ಲಚ್ ಪೆಡಲ್ ಮೇಲೆ ಇಟ್ಟುಕೊಂಡೇ ಇರುವ ಅಭ್ಯಾಸ. ಒಂದು ಮಾಘದಲ್ಲಿ, ಮದುವೆಗಳ ಭರಾಟೆಯ ನಡುವೆ, ಕಾರು ಕೂಗಲು ಶುರುಮಾಡಿತು. ಪೆಡಲ್ ಒತ್ತಿದರೆ ಕಿರ್ರ್, ಬಿಟ್ಟರೆ ಸುಮ್ಮನೆ. ಮೆಕ್ಯಾನಿಕ್ ಬಗ್ಗಿ ಕಿವಿ ಕೊಟ್ಟು ಕೇಳಿದ.

“ಪೆಡಲ್ ಮೇಲೆ ಕಾಲಿಟ್ಟೇ ಓಡ್ಸಿ ಕ್ಲಚ್ಚಿನ ರಿಲೀಸ್ ಬೇರಿಂಗ್ ಹೋಗಿದೆ ಗೌಡ್ರೇ. ಗೇರ್‌ಬಾಕ್ಸ್ ಇಳಿಸಿ ಹೊಸದು ಹಾಕ್ಬೇಕು. ಬೇರೆ ದಾರಿ ಇಲ್ಲ.”

“ಬೇರಿಂಗ್ ಅಂದ್ರೆ ತಿರುಗೋದು ತಾನೇ?” ಅಂದ ಅಪ್ಪ. “ತಿರುಗೋದಕ್ಕೆ ಎಣ್ಣೆ ಸಾಕು. ಅಷ್ಟಕ್ಕೆ ಹೊಟ್ಟೆ ಯಾಕೆ ಕುಯ್ಯಬೇಕು?”

ಮನೆಗೆ ಬಂದವನೇ ಕಾರಿನೊಳಗಿನ ಚಾಪೆ ಕಿತ್ತು, ಅದರಡಿಯ ಮುಚ್ಚಳ ಬಿಚ್ಚಿ, ಕ್ಲಚ್ಚಿನ ಕವಚದಲ್ಲಿ ಒಂದು ಸಂದು ಹುಡುಕಿದ. ಎತ್ತುಗಳಿಗೆ ಔಷಧಿ ಕುಡಿಸುತ್ತಿದ್ದ ಬಿದಿರ ಗೊಟ್ಟ ಅಟ್ಟದ ಮೇಲೆ ಇನ್ನೂ ಇತ್ತು. ಅದರಿಂದಲೇ ಹರಳೆಣ್ಣೆ ಹೊಯ್ದ. ಸದ್ದು ನಿಂತೇ ಹೋಯಿತು.

“ನೋಡಿದ್ಯಾ, ಹೆಂಗೆ ಬಾಯಿ ಮುಚ್ಕೊಂತು!” ಎಂದು ನನ್ನ ಕಡೆ ತಿರುಗಿ ನಕ್ಕ. ಹೊಲ ಹೋದ ಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ. ನನಗೂ ಹಿಗ್ಗಾಯಿತು.

ಮರುದಿನ ಸುಬ್ರಹ್ಮಣ್ಯಪುರದಿಂದ ಮದುಮಗನನ್ನು ಬನಶಂಕರಿಯ ಛತ್ರಕ್ಕೆ ಕರೆದೊಯ್ಯಬೇಕಿತ್ತು. ನಾನು ಅಲ್ಲಿರಲಿಲ್ಲ, ಇದ್ದವರು ಎಷ್ಟು ಸಲ ಆಡಿ ತೋರಿಸಿದರೆಂದರೆ, ನಾನೂ ಇದ್ದ ಹಾಗೆಯೇ ಆಗಿಹೋಗಿದೆ. ಏರಿನ ನಡುವೆ ಎಂಜಿನ್ ಅರಚಿತು, ಕಾರು ಮಾತ್ರ ಮುಂದೆ ಹೋಗಲಿಲ್ಲ. ಎಣ್ಣೆ ಕ್ಲಚ್ ಪ್ಲೇಟಿಗೆಲ್ಲ ಹಬ್ಬಿ, ಪ್ಲೇಟು ಹಿಡಿತ ಸಿಗದೆ ಜಾರುತ್ತಿತ್ತಂತೆ. ಮುಹೂರ್ತ ಮೀರುತ್ತಿತ್ತು. ಕಡೆಗೆ ಬಾಸಿಂಗ ಕಟ್ಟಿಕೊಂಡಿದ್ದ ಮದುಮಗನೇ ಪಂಚೆ ಎತ್ತಿಕಟ್ಟಿ ಇಳಿದು ತಳ್ಳಿದ.

ಕಾರನ್ನು ಎಳೆಸಿಕೊಂಡು ಮೆಕ್ಯಾನಿಕ್ ಹತ್ತಿರ ಹೋದೆವು. ಅವನು ಹೊಸದಾಗಿ ಶೆಡ್ ಹಾಕಿದ್ದದ್ದು ಬಡಾವಣೆಯ ಮೂಲೆ ಸೈಟಿನಲ್ಲಿ, ಅಂದರೆ ನಮ್ಮ ಹೊಲದಲ್ಲಿ. ಗೇರ್‌ಬಾಕ್ಸ್ ಇಳಿಸಲು ಕಾರಿನ ಕೆಳಗೆ ನಿಲ್ಲುವಷ್ಟು ಗುಂಡಿ ಬೇಕಿತ್ತು, ಅದಿನ್ನೂ ತೋಡಿರಲಿಲ್ಲ. ಕೂಲಿಯವರು ಬರುವವರೆಗೆ ಕಾಯಿರಿ ಅಂದ.

“ಕೂಲಿಯವ್ರು ಯಾಕೆ?” ಎಂದು ಅಪ್ಪ ಮನೆಯಿಂದ ಗುದ್ದಲಿ ತಂದ. ಸಂಜೆಯ ಹೊತ್ತಿಗೆ ಗುಂಡಿಯ ನಾಲ್ಕು ಗೋಡೆ ದಾರ ಹಿಡಿದಂತೆ ನೆಟ್ಟಗೆ ನಿಂತಿದ್ದವು. ನಾನಂತೂ ಆ ಕಡೆ ನೋಡಲಾರದೆ ರಸ್ತೆ ನೋಡುತ್ತ ನಿಂತಿದ್ದೆ.

ಹಳೇ ಬೇರಿಂಗ್ ಎಣ್ಣೆಯಲ್ಲಿ ಮಿಂದು ಹೊರಬಂತು. ಅದರ ಹಿಂದೆಯೇ ಪ್ಲೇಟು. “ಒಂದರಲ್ಲಿ ಮುಗೀತಿತ್ತು. ಈಗ ಎರಡೂ ಹೊಸದೇ ಹಾಕ್ಬೇಕು,” ಅಂದ ಮೆಕ್ಯಾನಿಕ್. ಹಾಕಿಯೂ ಹಾಕಿದ. ಅಪ್ಪ ಸೀಟಿನಲ್ಲಿ ಕೂತು ಪೆಡಲನ್ನು ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಸದ್ದೇ ಇಲ್ಲ. ಕಾರು ಕೊಂಡ ದಿನಕ್ಕಿಂತ ಚೆನ್ನಾಗಿ ಓಡಿತು.

ಏನು ಬಂತು? ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ‘ಮದುಮಗ ತಳ್ಳಿದ ಕಾರು’ ಅಂತ ಹೆಸರು ಬಿತ್ತು, ಅಪಶಕುನ ಅಂದರು. ಅದೇ ಮದುಮಗನ ಹೆಂಡತಿ ವರ್ಷದೊಳಗೆ ಮಗು ಹೆತ್ತು ನೆಮ್ಮದಿಯಾಗಿದ್ದಳು, ಅದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಆ ಜನದ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಮುಂದಿನ ಮದುವೆ ಕಾಲವೆಲ್ಲ ಅಪ್ಪ ಕಾರು ತೊಳೆದು, ಒರೆಸಿ, ಬಾಗಿಲಲ್ಲಿ ನಿಲ್ಲಿಸಿ ಕಾದ. ಒಬ್ಬರೂ ಬಂದು ಕೇಳಲಿಲ್ಲ. ಕಾರು ಮಾರಿದೆವು.

ಕಾರನ್ನು ಬೇಡವೆಂದ ಊರು ಗುಂಡಿಯನ್ನು ಮೆಚ್ಚಿಕೊಂಡಿತು. ಸ್ಕೂಟರ್ ರಿಪೇರಿಗೆ ಬಂದಿದ್ದ, ಬಡಾವಣೆಯಲ್ಲಿ ಸೈಟು ಕೊಂಡವರೊಬ್ಬರು ಅದರ ಗೋಡೆ ನೋಡಿ, ಇದನ್ನು ತೋಡಿದವರು ಯಾರು ಎಂದು ವಿಚಾರಿಸಿದರಂತೆ. ಅವರ ಮನೆಗೆ ಪಾಯ ತೋಡಲು ಅಪ್ಪ ಕೂಲಿಗೆ ಹೋದ. ಮೊದಲ ದಿನ ಮುಗಿಸಿ ಬಂದು ಜಗಲಿಯ ಮೇಲೆ ಕೂತಾಗ ಅಮ್ಮ ಎಲ್ಲಿ ಕೆಲಸ ಅಂತ ಕೇಳಿದಳು.

“ನಮ್ಮ ಹೊಲದಲ್ಲಿ ಬಾವಿ ಇತ್ತಲ್ಲ, ಅದರ ಪಕ್ಕ. ಮಣ್ಣು ಇನ್ನೂ ಚೆನ್ನಾಗೈತೆ.”

ಸ್ಟೀರಿಂಗ್ ಹಿಡಿದು ಮೆತ್ತಗಾಗಿದ್ದ ಅಂಗೈ ತುಂಬ ಬೊಬ್ಬೆ ಎದ್ದಿತ್ತು. ಅಮ್ಮ ಒಳಗೆ ಹೋಗಿ ಹರಳೆಣ್ಣೆ ಬಟ್ಟಲು ತಂದು ಮುಂದೆ ಕೂತಳು. ಅಪ್ಪ ಕೈ ಹಿಂದಕ್ಕೆ ಎಳೆದುಕೊಂಡ.

“ಅದೊಂದು ಬೇಡ ಕಣೇ,” ಅಂದ.