ಸುರೇಬಾನದ ಹನ್ನೊಂದು ಕಿರುಬೆರಳು

ಬೈಲಹೊಂಗಲದ ಒಂದು ಕೊರಿಯರ್ ಅಂಗಡಿಯಲ್ಲಿ ಪಾರ್ಸಲ್ಲುಗಳ ಮೇಲೆ ಊರಿನ ಹೆಸರು ಬರೆಯುವುದು ನನ್ನ ಉದ್ಯೋಗ. ಸವದತ್ತಿಯ ಪೆಟ್ಟಿಗೆಯನ್ನು ಕಿತ್ತೂರಿಗೆ, ಕಿತ್ತೂರಿನದನ್ನು ರಾಮದುರ್ಗಕ್ಕೆ ಕಳಿಸಿ ಅರ್ಧ ಜಿಲ್ಲೆಯ ಬೈಗುಳವನ್ನು ಫೋನಿನಲ್ಲೇ ಗಳಿಸಿದ್ದೇನೆ. ಆದರೆ ಬೆಳಿಗ್ಗೆ ಮಾರ್ಕರಿನ ಮುಚ್ಚಳ ತೆಗೆದೊಡನೆ ಮೂಗಿಗೇರುವ ಆ ಖಾರವಾದ, ತುಸು ಸಿಹಿಯಾದ ವಾಸನೆ ಮಾತ್ರ ಒಂದು ದಿನವೂ ವಿಳಾಸ ತಪ್ಪಿಲ್ಲ. ನೇರವಾಗಿ ಸುರೇಬಾನಕ್ಕೆ, ನನ್ನ ಸೋದರತ್ತೆಯ ಮನೆಗೇ ಹೋಗಿ ನಿಲ್ಲುತ್ತದೆ.

ಅತ್ತೆ ಅಲ್ಲಿ ಸರಕಾರಿ ಡಾಕ್ಟರು. ಬಂದ ಕಾಯಿಲೆಗೆ ಔಷಧ ಕೊಡುವುದಕ್ಕಿಂತ ಮಕ್ಕಳಿಗೆ ಕಾಯಿಲೆಯೇ ಬಾರದಂತೆ ಓಡಾಡುವುದರಲ್ಲಿ ಅವಳ ಆಯುಷ್ಯ ಸವೆಯಿತು. ಅಪ್ಪನಿಗೆ ಮೇಲಿಂದ ಮೇಲೆ ವರ್ಗವಾಗುತ್ತಿದ್ದುದರಿಂದ ನನ್ನನ್ನು ಅವಳ ಬಳಿ ಬಿಟ್ಟಿದ್ದರು. ಮನೆಯ ಪಡಸಾಲೆಯ ತೊಲೆಗೆ ತಕ್ಕಡಿಯೊಂದು ತೂಗುಬಿದ್ದಿತ್ತು. ಅದರ ಬಟ್ಟೆಯ ಚೀಲದಲ್ಲಿ ಕೂಸುಗಳು ಕಾಲು ಇಳಿಬಿಟ್ಟು ಚೀರುತ್ತಿದ್ದವು. ಒಮ್ಮೆ ನಾನೂ ಕುಳಿತು ಕೊಂಡಿಯನ್ನೇ ಕಿತ್ತು ಕೆಳಗೆ ತಂದಿದ್ದೆ. ಹಾಲುಬಾಯಿಯ ವಾಸನೆ, ಕುದಿಸಿದ ನೀರಿನ ಹಬೆ, ಒಳಗಿನಿಂದ ರೊಟ್ಟಿ ಸುಡುವ ಕಂಪು, ಎಲ್ಲ ಒಂದರೊಳಗೊಂದು ಬೆರೆತ ಮನೆ ಅದು. ಕೂಸಿನ ತೂಕ ಇಳಿದಿದ್ದರೆ ಅತ್ತೆ ತಾಯಿಯನ್ನು ಮೊದಲು ಕೇಳುತ್ತಿದ್ದುದು ಒಂದೇ ಮಾತು: "ನೀ ಏನ ಉಂಡೀಯವಾ ಮುಂಜಾನಿಂದ?" ಅವಳು ತಲೆ ತಗ್ಗಿಸಿದರೆ ನನ್ನ ಪಾಲಿನ ರೊಟ್ಟಿ ಹೊರಗೆ ಹೋಗುತ್ತಿತ್ತು. ಈ ಅನ್ಯಾಯದಿಂದಲೇ ನಾನು ಗಿಡ್ಡಾಗಿದ್ದೇನೆ ಎಂದು ಇಂದಿಗೂ ಹೇಳಿಕೊಳ್ಳುತ್ತೇನೆ.

ನನಗಾಗ ಏಳು ವರ್ಷ. ಪೋಲಿಯೋ ಭಾನುವಾರ ಶಾಲೆಯ ಬೂತಿನಲ್ಲಿ ಹನಿ ಹಾಕಿ, ಹಾಕಿದ ಗುರುತಿಗೆ ಎಡಗೈ ಕಿರುಬೆರಳಿಗೆ ಮಾರ್ಕರಿನ ಮಸಿ ಹಚ್ಚುತ್ತಿದ್ದರು. ಮರುದಿನ ಮನೆಮನೆಗೆ ಹೋಗಿ, ಮಸಿ ಇಲ್ಲದ ಕೂಸುಗಳನ್ನು ಹುಡುಕಿ ಹನಿ ಹಾಕಬೇಕು. ಆ ಸೋಮವಾರ ನಾನು ಹೊಟ್ಟೆನೋವೆಂದು ಶಾಲೆ ತಪ್ಪಿಸಿ, ಅತ್ತೆಯ ಚೀಲದಿಂದ ಒಂದು ಮಾರ್ಕರ್ ಹಾರಿಸಿಕೊಂಡು, ಕಬ್ಬು ಕಡಿಯುವವರ ಟೋಳಿ ಬಿಡಾರ ಹೂಡಿದ್ದ ಹೊಲಕ್ಕೆ ಹೋದೆ. ದೊಡ್ಡವರೆಲ್ಲ ಕಬ್ಬಿನೊಳಗಿದ್ದರು. ಗುಡಿಸಲುಗಳ ಮುಂದೆ ಆಡುತ್ತಿದ್ದ ಹನ್ನೊಂದು ಕೂಸುಗಳನ್ನು ಸಾಲಾಗಿ ಕೂರಿಸಿ, "ಅಳಬ್ಯಾಡ, ಬಾಯಿ ತಗಿ" ಎಂದು ಅತ್ತೆಯ ದನಿಯಲ್ಲೇ ಗದರಿಸಿ, ಹನ್ನೊಂದು ಕಿರುಬೆರಳಿಗೂ ಮಸಿ ಹಚ್ಚಿದೆ. ಸರಕಾರ ಮೂರು ದಿನ ತೆಗೆದುಕೊಳ್ಳುವ ಕೆಲಸ ನನ್ನ ಕೈಯಲ್ಲಿ ಅರ್ಧ ತಾಸಿಗೆ ಮುಗಿಯಿತು. ಹುರುಪಿನಲ್ಲಿ ನನ್ನ ಹತ್ತೂ ಬೆರಳಿಗೂ ಹಚ್ಚಿಕೊಂಡೆ.

ಸಂಜೆ ನಾಲ್ಕರ ಚಹಾಕ್ಕೆ ಅಂಗನವಾಡಿಯ ನೀಲವ್ವ ಟೀಚರ್ ಖುಷಿಯಿಂದ ಬಂದರು. "ಬಾಯಾರ, ಟೋಳಿ ಹುಡುಗ್ರಿಗೆಲ್ಲಾ ನಿನ್ನೇನ ಹಾಕಿಸ್ಯಾರ್ರಿ. ಎಲ್ಲಾರ ಬೆರಳಿಗೂ ಮಸಿ ಐತಿ. ನಾವು ಹಂಗ ಹೊಳ್ಳಿ ಬಂದ್ವಿ."

ಅತ್ತೆ ಚಹಾದ ಬಸಿ ಕೆಳಗಿಟ್ಟಳು. "ನಿನ್ನೆ ದಿನಾ ಪೂರ್ತಿ ಬೂತಿನ್ಯಾಗ ನಾನ ಕುಂತಿದ್ದೆ. ಟೋಳ್ಯಾವ್ರು ಒಬ್ಬರೂ ಬಂದಿಲ್ಲ." ಆಮೇಲೆ ಅವಳ ಕಣ್ಣು, ಚಹಾದ ಲೋಟ ಹಿಡಿದಿದ್ದ ನನ್ನ ಕೈಗಳ ಮೇಲೆ ಬಿತ್ತು. ಬೈಯಲಿಲ್ಲ. ಹನಿಯ ಐಸ್ ಡಬ್ಬಿ ಎತ್ತಿಕೊಂಡು, "ಗಾಡಿ ಹತ್ತು" ಎಂದಳು. ನಮ್ಮ ಸ್ಕೂಟಿ ಹೊಲಕ್ಕೆ ಮುಟ್ಟಿದಾಗ ಟೋಳಿ ಬೇರೆ ಊರಿಗೆ ಹೊರಟು ಎತ್ತಿನ ಗಾಡಿಗಳಿಗೆ ಪಾತ್ರೆ, ಕೋಳಿ, ಚಾಪೆ ಹೇರುತ್ತಿತ್ತು.

ಒಬ್ಬ ತಾಯಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. "ಮಸಿ ಐತಲ್ರಿ ಯವ್ವಾ! ಒಂದ ದಿನಾ ಎರಡ ಸಲ ಹಾಕಿ ನಮ್ಮ ಕೂಸಿಗೆ ಏನರೆ ಮಾಡ್ಬೇಕಂತೀರೇನ?"

ಸರಕಾರದ ಆರ್ಡರ್ ಅಂದಿದ್ದರೆ ಮುಗಿಯುತ್ತಿತ್ತು. ಅತ್ತೆ ಎಲ್ಲರಿಗೂ ಕೇಳುವಂತೆ, "ಹನಿ ಹಾಕಿಲ್ರಿ. ನಮ್ಮ ಮನಿ ಹುಡುಗಿ ಆಟಕ್ಕ ಮಸಿ ಹಚ್ಚ್ಯಾಳ. ತಪ್ಪು ನಂದು," ಎಂದಳು.

ಟೋಳಿಯನ್ನು ಕರೆತಂದ ಮುಕಾದಮ ಬೀಡಿ ತೆಗೆದು ನಕ್ಕ. "ಮನ್ಯಾಗಿನ ಹುಡುಗೀನ ನಿಮ್ಮ ಮಾತ ಕೇಳಂಗಿಲ್ಲ. ನಾವ್ಯಾಕ ಕೇಳ್ಬೇಕ್ರಿ ಡಾಕ್ಟರ ಬಾಯಾರ?"

"ಖರೇ ಐತಿ. ನನ್ನ ಮಾತ ಬ್ಯಾಡ, ಅಕಿದ ಕೇಳ್ರಿ," ಎಂದು ಅತ್ತೆ ನನ್ನನ್ನು ಮುಂದೆ ನೂಕಿದಳು. ನಾನು ಗಾಡಿಯಿಂದ ಗಾಡಿಗೆ ಹೋಗಿ ಹತ್ತೂ ಕಪ್ಪು ಬೆರಳು ತೋರಿಸಿ, "ನಾನ ಹಚ್ಚೇನ್ರಿ, ಸುಳ್ಳ ಹಚ್ಚೇನಿ," ಎಂದು ಮೂಗಿನಲ್ಲಿ ಸಿಂಬಳ ಸುರಿಸುತ್ತ ಅತ್ತುಬಿಟ್ಟೆ. ನಗು ತಡೆಯಲಾಗದೆ ಒಬ್ಬಳು ಕೂಸನ್ನು ಮುಂದೆ ಹಿಡಿದಳು. ಹಿಂದೆಯೇ ಉಳಿದವರೂ ಹಿಡಿದರು. ಹತ್ತು ಕೂಸುಗಳಾದವು. ಹನ್ನೊಂದನೆಯದು, ಗಂಗಿ ಎಂಬ ಎರಡು ವರ್ಷದ ಹುಡುಗಿ, ಮೊದಲ ಗಾಡಿಯಲ್ಲಿ ಆಗಲೇ ಕಟಕೋಳದ ಕಡೆ ಹೋಗಿಬಿಟ್ಟಿದ್ದಳು.

ನನ್ನನ್ನು ಮನೆಗೆ ಬಿಟ್ಟು, ನೀಲವ್ವನನ್ನು ಹಿಂದೆ ಕೂರಿಸಿಕೊಂಡು ಅತ್ತೆ ಆ ರಸ್ತೆ ಹಿಡಿದಳು. ದೀಪ ಹಚ್ಚುವ ಹೊತ್ತಿಗೆ ಬಂದು ಕಾಲು ತೊಳೆಯುತ್ತ, "ಸಿಕ್ಕಳು. ಹನಿ ಹಾಕಿ ಬಂದೆ. ಉಣ್ಣು ಏಳು," ಎಂದಳು. ನಾನು ನಾಲ್ಕು ರೊಟ್ಟಿ ತಿಂದೆ.

ಅತ್ತೆ ತೀರಿಕೊಂಡು ಎರಡು ವರ್ಷವಾಯಿತು. ಆ ಮನೆಯನ್ನು ಕೆಡವಿ ಗೊಬ್ಬರದ ಗೋದಾಮು ಕಟ್ಟಿದ್ದಾರೆ. ತೊಲೆ ಯಾರ ಮನೆಯ ಒಲೆಗೆ ಹೋಯಿತೋ ಗೊತ್ತಿಲ್ಲ. ಹೋದ ಚಳಿಗಾಲದಲ್ಲಿ ನೀಲವ್ವ ಸಿಕ್ಕರು. ನಾನು ಎಂದಿನಂತೆ ನನ್ನ ಪೋಲಿಯೋ ಪರಾಕ್ರಮವನ್ನು ಬಣ್ಣ ಹಚ್ಚಿ ಹೇಳಿ, "ಪುಣ್ಯಾಕ್ಕ ಆ ಗಂಗಿ ಸಿಕ್ಕಳಲ್ಲ ನಿಮಗ," ಎಂದೆ.

ನೀಲವ್ವ ನನ್ನನ್ನೇ ನೋಡಿದರು. "ಎಲ್ಲಿ ಸಿಕ್ಕಳವಾ? ಕಟಕೋಳ ದಾಟಿ ಹೋದ್ವಿ, ಗಾಡೀನ ಕಾಣಲಿಲ್ಲ. ಆ ಕಡೆ ದವಾಖಾನಿಗೆಲ್ಲಾ ಚೀಟಿ ಬರದಳು ನಿಮ್ಮತ್ತಿ. ಮುಂದ ಎಷ್ಟೋ ವರ್ಷ ಟೋಳಿ ಬಂದಾಗೆಲ್ಲಾ ಕೇಳಾಕಿ. ನಿನಗ ಹೇಳಬ್ಯಾಡಂತ ಆಣಿ ಹಾಕಿಸ್ಕೊಂಡಿದ್ಲು."

ಒಬ್ಬ ತಾಯಿಗೂ ಸುಳ್ಳು ಹೇಳದವಳು ನನ್ನ ಊಟಕ್ಕಾಗಿ ಒಂದು ಸುಳ್ಳು ಹೇಳಿದ್ದಳು. ಆ ಹುಡುಗಿಗೆ ಮುಂದೆ ಯಾವ ಊರಿನಲ್ಲೋ, ಯಾರೋ ಹನಿ ಹಾಕಿರಬೇಕು. ಹಾಕಿಯೇ ಇರುತ್ತಾರೆ. ಈಗ ಕಬ್ಬಿನ ಸುಗ್ಗಿ ಬಂತೆಂದರೆ ಅಂಗಡಿಯ ಮುಂದೆ ಟ್ರ್ಯಾಕ್ಟರು ನಿಲ್ಲಿಸಿ ಟೋಳಿಯ ಹೆಣ್ಣುಮಕ್ಕಳು ಚಹಾಕ್ಕೆ ಇಳಿಯುತ್ತಾರೆ. ಬರೆಯುವುದನ್ನು ಬಿಟ್ಟು, ನನಗಿಂತ ನಾಲ್ಕೈದು ವರ್ಷ ಸಣ್ಣವರ ಕಾಲುಗಳನ್ನು ನೋಡುತ್ತೇನೆ. ಎಲ್ಲರೂ ಚೆನ್ನಾಗಿಯೇ ನಡೆಯುತ್ತಾರೆ.